ಮೌಂಟ್ ರೇನಿಯರ್ ಹೂವಿನ ಹುಲ್ಲುಗಾವಲಿಗೆ ಹೋಗುವವರಿಗೆ

ಸಿಯಾಟಲ್ ಕಡೆ ಇರುವವರು, ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರು ಗಮನಿಸಿ. 4,392 ಮೀಟರ್ ಎತ್ತರದ ಈ ಜ್ವಾಲಾಮುಖಿಯ ತೆಕ್ಕೆಯಲ್ಲಿರುವ ಪ್ಯಾರಡೈಸ್ ಎಂಬ ಹುಲ್ಲುಗಾವಲಿನ ಜಾಗದಲ್ಲಿ ಹೂವು ತುಂಬುವುದು ಸಾಮಾನ್ಯವಾಗಿ ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ಜೂನ್‌ನಲ್ಲಿ ಹೋದರೆ ಸಿಗುವುದು ಹಿಮವೇ.

ಅಲ್ಲಿಂದ ಹೊರಡುವ ಸ್ಕೈಲೈನ್ ಟ್ರೇಲ್ (ನಡಿಗೆ ದಾರಿ) ಸುಮಾರು 9 ಕಿ.ಮೀ., ಏರು 500 ಮೀಟರ್‌ಗೂ ಹೆಚ್ಚು. ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಮಂಡಿನೋವಿನ ಹಿರಿಯರಿಗೆ ಮರ್ಟಲ್ ಫಾಲ್ಸ್‌ವರೆಗಿನ ಡಾಂಬರು ದಾರಿ ಸಾಕು. ನೀಲಿ ಲುಪಿನ್ ಹೂವಿನ ಹಿಂದೆ ಇಡೀ ಬೆಟ್ಟ ಅಲ್ಲೇ ಕಾಣುತ್ತದೆ.

ಮೇಲೆ ಜುಲೈನಲ್ಲೂ ಹಿಮ ಉಳಿದಿರುತ್ತದೆ. ಕೆಳಗೆ ನೀರು ಹರಿಯುವ ಸದ್ದು ಕೇಳಿದರೆ ಆ ಹಿಮದ ಮೇಲೆ ಕಾಲಿಡಬೇಡಿ: ಒಳಗೆ ಕರಗಿ ಟೊಳ್ಳಾಗಿರುತ್ತದೆ, ಕುಸಿಯುತ್ತದೆ. ಊರುಗೋಲು, ಹಿಡಿತವಿರುವ ಶೂ, ಗಾಳಿತಡೆ ಜಾಕೆಟ್ ಬೇಕೇ ಬೇಕು. ಮಂಜು ಕವಿದರೆ ದಾರಿ ಕಾಣುವುದಿಲ್ಲ. ಆಫ್‌ಲೈನ್ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ದಯವಿಟ್ಟು ಫೋಟೋಗಾಗಿ ಹೂವಿನ ನಡುವೆ ಇಳಿಯಬೇಡಿ. ಇಲ್ಲಿನ ಗಿಡಗಳಿಗೆ ಬೆಳೆಯಲು ವರ್ಷಕ್ಕೆ ಸಿಗುವುದು ಕೆಲವೇ ವಾರ. ತುಳಿದ ಜಾಗ ಚೇತರಿಸಲು ವರ್ಷಗಳೇ ಬೇಕು. ಜ್ವಾಲಾಮುಖಿಯ ಬೂದಿ, ಪ್ಯೂಮಿಸ್ (ಅದು ಉಗುಳಿದ ಹಗುರ ಕಲ್ಲು) ಬೆರೆತ ಸಡಿಲ ಮಣ್ಣು ಬರಿದಾದರೆ ಮಳೆಗೆ ಕೊಚ್ಚಿಹೋಗುತ್ತದೆ. ದಾರಿಯಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತು ತೆಗೆದರೆ ಹೂವೂ ಬೆಟ್ಟವೂ ಒಂದೇ ಚೌಕಟ್ಟಿಗೆ ಬರುತ್ತವೆ.

ವಾರಾಂತ್ಯದಲ್ಲಿ ಪಾರ್ಕಿಂಗ್ ಬೇಗ ತುಂಬುತ್ತದೆ, ಬೆಳಿಗ್ಗೆ 8ರೊಳಗೆ ತಲುಪಿ.