ಗಿಡಕ್ಕೆ ರೋಗ ಬಂತಾ? ಔಷಧಿ ಹೊಡೆಯುವ ಮೊದಲು ಇಷ್ಟು ನೋಡಿ

ಎಲೆ ಮೇಲೆ ಚುಕ್ಕೆ ಕಂಡ ಕೂಡಲೇ ಸಿಂಪಡಣೆಗೆ ಇಳಿಯುವವರೇ ಜಾಸ್ತಿ. ಆದರೆ ಶಿಲೀಂಧ್ರದ ಔಷಧಿ ವೈರಸ್‌ಗೆ ಏನೂ ಮಾಡುವುದಿಲ್ಲ. ವೈರಸ್ ಹೊಕ್ಕ ಗಿಡವನ್ನು ಹೊಲದಲ್ಲೇ ವಾಸಿ ಮಾಡುವ ಔಷಧಿ ಇಲ್ಲವೇ ಇಲ್ಲ. ಅಷ್ಟೇಕೆ, ಆಲೂಗಡ್ಡೆ ಅಂಗಮಾರಿ ತರುವ ಫೈಟಾಫ್ತೊರಾ ನೋಡೋಕೆ ಶಿಲೀಂಧ್ರದ ಹಾಗೇ ಇದ್ದರೂ ಅದರ ಜಾತಿಯೇ ಬೇರೆ. ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರದ ಔಷಧಿ ಹೊಡೆದರೆ ಅದು ಬಗ್ಗುವುದಿಲ್ಲ. ಹಾಗಾಗಿ ಬಂದಿರುವುದು ಯಾವುದು, ಒಳಗೆ ಹೇಗೆ ಸೇರಿತು ಅನ್ನುವುದೇ ಮೊದಲ ಕೆಲಸ.

ಚುಕ್ಕೆಯ ಮೇಲೆ ಪುಡಿ ಅಥವಾ ಬೂಷ್ಟು ಇದೆಯಾ, ಒಂದರೊಳಗೊಂದು ಉಂಗುರ ಇದೆಯಾ? ಹಾಗಿದ್ದರೆ ಶಿಲೀಂಧ್ರದ ಮೇಲೆ ಅನುಮಾನ ಪಡಿ. ನೀರಲ್ಲಿ ನೆನೆದ ಹಾಗೆ ಕಾಣುವ, ಎಲೆಯ ನರಗಳ ನಡುವೆ ಮೂಲೆಮೂಲೆಯಾಗಿ ನಿಲ್ಲುವ ಚುಕ್ಕೆ ಬ್ಯಾಕ್ಟೀರಿಯಾದ್ದು ಇರಬಹುದು. ಎಲೆ ಮುರುಟಿ, ಹಳದಿ ಹಸಿರು ಬೆರಕೆಯಾಗಿದ್ದರೆ ಬಹುಶಃ ವೈರಸ್. ಎಲೆಯ ಅಡಿಯಲ್ಲಿ ಬಿಳಿನೊಣ, ಸಸ್ಯಹೇನು ಇವೆಯೇ ನೋಡಿ, ಅದನ್ನು ಹೊತ್ತು ತರುವುದು ಹೆಚ್ಚಾಗಿ ಅವೇ.

ಟೊಮೆಟೊ, ಬದನೆ ಗಿಡ ಹಸಿರಾಗಿದ್ದಾಗಲೇ ದಿಢೀರ್ ಅಂತ ಸೊರಗಿದರೆ ಒಂದು ಸುಲಭದ ಪರೀಕ್ಷೆ ಇದೆ. ಬುಡದ ಕಾಂಡವನ್ನು ಅಡ್ಡ ಕತ್ತರಿಸಿ, ಕತ್ತರಿಸಿದ ತುದಿ ಮಾತ್ರ ಮುಳುಗುವ ಹಾಗೆ ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗದಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆಗಳು ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಎಳೆ ಬರಲಿಲ್ಲ, ಆದರೆ ಕಾಂಡದ ಒಳಗೆ ಕಂದು ಗೆರೆ ಇದೆ ಅಂದರೆ ಫ್ಯುಸೇರಿಯಂ ತರಹದ ಶಿಲೀಂಧ್ರ ಇರಬಹುದು. ಬೇರನ್ನೂ ಕಿತ್ತು ನೋಡಿ. ಗಂಟುಗಂಟಾಗಿದ್ದರೆ ಬೇರಿನ ಜಂತುಹುಳು (ನೆಮಟೋಡ್).

ಇನ್ನು ಒಳಗೆ ಬರುವ ದಾರಿ. ಬ್ಯಾಕ್ಟೀರಿಯಾಕ್ಕೆ ಗಾಯವೋ ಎಲೆಯ ಉಸಿರಾಟದ ರಂಧ್ರವೋ ಬೇಕು. ಶಿಲೀಂಧ್ರಗಳಲ್ಲಿ ಕೆಲವು ನೇರವಾಗಿ ಚುಚ್ಚಿಕೊಂಡೇ ಬರುತ್ತವೆ. ಭತ್ತದ ಬೆಂಕಿರೋಗದ ಶಿಲೀಂಧ್ರವಂತೂ ಎಲೆಗೆ ಅಂಟಿಕೊಂಡು ಒಂದು ಸಣ್ಣ ಗುಳ್ಳೆ ಕಟ್ಟಿಕೊಳ್ಳುತ್ತದೆ. ಅದರೊಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 80 ಪಟ್ಟು, ಅಂದರೆ ಕಾರಿನ ಟೈರಿಗಿಂತ ಎಷ್ಟೋ ಪಾಲು ಜಾಸ್ತಿ, ಆ ಒತ್ತಡದಲ್ಲೇ ಅದು ಎಲೆಯ ಸಿಪ್ಪೆ ತೂತು ಮಾಡುತ್ತದೆ. ಆದರೆ ಇದಕ್ಕೆಲ್ಲ ಎಲೆ ಕೆಲವು ಗಂಟೆ ಒದ್ದೆ ಇರಬೇಕು. ಅದಕ್ಕೇ ನೀರನ್ನು ಬೆಳಿಗ್ಗೆ ಕೊಡಿ, ಬುಡಕ್ಕೆ ಕೊಡಿ, ಗಾಳಿಯಾಡುವಷ್ಟು ಅಂತರ ಬಿಡಿ. ಬೂದಿರೋಗ ಮಾತ್ರ ಇದಕ್ಕೆ ಹೊರತು, ಅದಕ್ಕೆ ಒದ್ದೆ ಎಲೆ ಬೇಕಿಲ್ಲ. ಯೂರಿಯಾ ಸುರಿದು ಬೆಳೆಸಿದ ಮೆತ್ತನೆ ಎಲೆ ಅಂದರೆ ಬೆಂಕಿರೋಗಕ್ಕೆ ಇನ್ನೂ ಅನುಕೂಲ.

ಗಿಡವೇನು ಸುಮ್ನೆ ಕೂತಿರುವುದಿಲ್ಲ. ಶಿಲೀಂಧ್ರದ ಗೋಡೆಯ ಕೈಟಿನ್, ಬ್ಯಾಕ್ಟೀರಿಯಾದ ಬಾಲದ ಪ್ರೋಟೀನ್, ಇವುಗಳ ಚೂರು ಸಿಕ್ಕಿದರೂ ಸಾಕು, ಜೀವಕೋಶ ಎಚ್ಚೆತ್ತು ತನ್ನ ಗೋಡೆ ದಪ್ಪ ಮಾಡಿಕೊಳ್ಳುತ್ತದೆ. ಇದನ್ನು ಅಡಗಿಸಲು ರೋಗಾಣು ಕೋಶದೊಳಗೆ ತನ್ನದೇ ಪ್ರೋಟೀನುಗಳನ್ನು ತಳ್ಳುತ್ತದೆ. ನಿರೋಧಕ ತಳಿಯಲ್ಲಿ ಆ ಪ್ರೋಟೀನನ್ನೇ ಗುರುತು ಹಿಡಿಯುವ ಜೀನ್ ಇರುತ್ತದೆ. ಗುರುತು ಸಿಕ್ಕಿತೋ, ಅಲ್ಲಿನ ಕೋಶಗಳು ತಾವೇ ಸತ್ತು ರೋಗಾಣುವಿಗೆ ಊಟ ಸಿಗದ ಹಾಗೆ ಮಾಡುತ್ತವೆ. ತುಕ್ಕು ರೋಗದಂಥವಕ್ಕೆ ಇದು ಒಳ್ಳೆಯ ಮದ್ದು, ಅವು ಬದುಕುವುದು ಜೀವಂತ ಕೋಶದಲ್ಲಿ ಮಾತ್ರ. ಸತ್ತ ಕೋಶವನ್ನೇ ತಿಂದು ಬದುಕುವ ಬೊಟ್ರೈಟಿಸ್ ಅನ್ನುವ ಶಿಲೀಂಧ್ರಕ್ಕೆ ಮಾತ್ರ ಇದು ಹಬ್ಬ!

ನಿರೋಧಕ ತಳಿ ಕೊಳ್ಳುವಾಗ ಯಾವ ರೋಗಕ್ಕೆ ನಿರೋಧಕ ಅಂತ ಕೇಳಿ. ಟೊಮೆಟೊ ಬೀಜದ ಪೊಟ್ಟಣದ ಮೇಲೆ ವಿ, ಎಫ್, ಎನ್ ಅಂತ ಅಕ್ಷರಗಳಿದ್ದರೆ ಅವು ಕ್ರಮವಾಗಿ ವರ್ಟಿಸಿಲಿಯಂ (ಇದೂ ಸೊರಗು ತರುವ ಶಿಲೀಂಧ್ರ), ಫ್ಯುಸೇರಿಯಂ, ಜಂತುಹುಳು. ಬೇರೆ ರೋಗಕ್ಕೆ ಅದರಿಂದ ರಕ್ಷಣೆ ಇಲ್ಲ. ಜಂತುಹುಳು ತಡೆಯುವ ಟೊಮೆಟೊ ಜೀನ್ ಕೂಡ ಮಣ್ಣಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋಲುತ್ತದೆ, ಬೇಸಿಗೆ ಬೆಳೆಗೆ ಇದು ನೆನಪಿರಲಿ.

ಒಂದೇ ಜೀನ್ ನಂಬಿ ಎಲ್ಲ ಕಡೆ ಒಂದೇ ತಳಿ ಹಾಕುವುದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅಪಾಯ. ಗೋಧಿಯಲ್ಲಿ ಎಸ್‌ಆರ್31 ಅನ್ನುವ ಜೀನ್ ವರ್ಷಗಟ್ಟಲೆ ಕಾಂಡದ ತುಕ್ಕನ್ನು ತಡೆದಿತ್ತು. 1998ರಲ್ಲಿ ಉಗಾಂಡಾದಲ್ಲಿ ಅದನ್ನೂ ಮೀರಿದ ತುಕ್ಕು ಸಿಕ್ಕಿತು, ಅದೇ ಯುಜಿ99. ಆದ್ದರಿಂದ ತಳಿ ಬದಲಿಸುತ್ತಿರಿ. ಬೇರೆ ಕುಟುಂಬದ ಬೆಳೆ ಹಾಕಿ ಸರದಿ ಮಾಡಿ. ಟೊಮೆಟೊ ಆದ ಮೇಲೆ ಮೆಣಸಿನಕಾಯಿ ಹಾಕಿದರೆ ಅದು ಸರದಿ ಅಲ್ಲ, ಎರಡೂ ಒಂದೇ ಕುಟುಂಬ. ರೋಗದ ಗಿಡ ಮುಟ್ಟಿದ ಕತ್ತರಿ, ಕೈ ತೊಳೆದು ಮುಂದಿನ ಗಿಡಕ್ಕೆ ಹೋಗಿ. ನಿರೋಧಕ ತಳಿಯಲ್ಲೇ ರೋಗ ಕಂಡರೆ ಔಷಧಿಗೆ ಮೊದಲು ಮಾದರಿಯನ್ನು ಸಸ್ಯರೋಗ ಪ್ರಯೋಗಾಲಯಕ್ಕೆ ಕಳಿಸಿ. ಪೂರ್ತಿ ಸತ್ತ ಗಿಡ ಬೇಡ, ಈಗಷ್ಟೇ ರೋಗ ಶುರುವಾದದ್ದನ್ನು ಬೇರು ಸಮೇತ ಕಾಗದದಲ್ಲಿ ಸುತ್ತಿ ಕಳಿಸಿ.