ಹಳೇ ಲಕ್ಷುರಿ ಕಾರನ್ನು 11 ವರ್ಷ ಸಾಕಿದ ನನ್ನ ಅನುಭವ

ಒಂದು ದಿನ ಬೆಳಿಗ್ಗೆ ನೋಡಿದರೆ ಕಾರಿನ ಮುಂದಿನ ಎಡಮೂಲೆ ಕುಸಿದು ಕೂತಿತ್ತು. ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ತೂರುವಷ್ಟೂ ಜಾಗ ಇರಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಕಾರು ಮೆಲ್ಲಗೆ ಎದ್ದು ಸಮವಾಗಿ ನಿಂತಿತು. ಎದ್ದು ನಿಂತಿತಲ್ಲ, ಇನ್ನೇನು ತೊಂದರೆ ಅಂದುಕೊಂಡು ಮೂರು ತಿಂಗಳು ಹಾಗೇ ಓಡಿಸಿದೆ. ನಾಲ್ಕನೇ ತಿಂಗಳಲ್ಲಿ ಒಂದು ದಿನ ಅದು ಏಳಲೇ ಇಲ್ಲ.

ನನ್ನದು 1999ರಲ್ಲಿ ತಯಾರಾದ ದೊಡ್ಡ ಸೆಡಾನ್. ವಿ8 ಇಂಜಿನ್, ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಷನ್, ಒಳಗೆ ಮರ ಮತ್ತು ಚರ್ಮದ ಕೆಲಸ. ನಾನು ಕೊಂಡಾಗ ಅದರ ಬೆಲೆ ಹೊಸದಿದ್ದಾಗಿನ ಬೆಲೆಯ ಒಂದು ಚೂರು ಮಾತ್ರ. ಹಳೇ ಲಕ್ಷುರಿ ಕಾರಿನ ಆಸೆ ಹುಟ್ಟುವುದೇ ಹೀಗೆ ಅಲ್ವಾ? ಆದರೆ ಕಾರಿನ ಬೆಲೆ ಬಿದ್ದಹಾಗೆ ಅದರ ಬಿಡಿಭಾಗಗಳ ಬೆಲೆ ಬೀಳುವುದಿಲ್ಲ. ದುಬಾರಿ ಕಾರಿನ ಪಾರ್ಟು ಯಾವತ್ತೂ ದುಬಾರಿ ಪಾರ್ಟೇ. ಕೊಳ್ಳುವ ಮೊದಲು ಈ ಲೆಕ್ಕ ಹಾಕದವರು ವರ್ಷ ತುಂಬುವ ಮೊದಲೇ ಕಾರು ಮಾರಿಬಿಡುತ್ತಾರೆ.

ಏರ್ ಸಸ್ಪೆನ್ಷನ್‌ನಲ್ಲಿ ಕಬ್ಬಿಣದ ಸ್ಪ್ರಿಂಗ್ ಬದಲು ರಬ್ಬರಿನ ಗಾಳಿಚೀಲ ಇರುತ್ತದೆ. ಒಂದು ಪುಟ್ಟ ಕಂಪ್ರೆಸರ್ ಅದಕ್ಕೆ ಗಾಳಿ ತುಂಬುತ್ತದೆ. ವರ್ಷ ಕಳೆದಂತೆ ರಬ್ಬರು ಮಡಿಕೆ ಬೀಳುವ ಜಾಗದಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ರಾತ್ರಿಯೆಲ್ಲ ಗಾಳಿ ಸೋರುತ್ತದೆ. ಬೆಳಿಗ್ಗೆ ಕಂಪ್ರೆಸರ್ ಮತ್ತೆ ತುಂಬಿಸುತ್ತದೆ. ಆ ಕಂಪ್ರೆಸರ್ ಇರುವುದು ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಕೆಲಸ ಮಾಡಲಿಕ್ಕೆ. ನನ್ನ ಕಾರಿನಲ್ಲಿ ಅದು ಮೂರು ತಿಂಗಳು ಬಿಡುವಿಲ್ಲದೆ ದುಡಿದು ಸುಟ್ಟುಹೋಗಿತ್ತು. ಮೆಕ್ಯಾನಿಕ್ ನೋಡಿ, "ಸರ್, ಕಂಪ್ರೆಸರ್ ಹೋಗಿದೆ, ಹೊಸದು ಹಾಕಿಬಿಡೋಣ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಸೋರುವ ಚೀಲವನ್ನು ಹಾಗೇ ಬಿಟ್ಟು ಬರೀ ಕಂಪ್ರೆಸರ್ ಹಾಕಿದ್ದರೆ ಅದೂ ಸುಡುತ್ತಿತ್ತು.

ಅವತ್ತು ಒಂದು ಮಾತು ತಲೆಯಲ್ಲಿ ಕೂತಿತು. ಈ ಕಾರುಗಳಲ್ಲಿ ದೊಡ್ಡ ಪಾರ್ಟು ತಾನಾಗಿ ಹಾಳಾಗುವುದು ಕಡಿಮೆ. ಪಕ್ಕದಲ್ಲಿರುವ ಚಿಕ್ಕದೊಂದು ಅದನ್ನು ಹಾಳು ಮಾಡುತ್ತದೆ. ಆಮೇಲೆ ನಾನು ಮಾಡಿದ ಕೆಲಸವೆಲ್ಲ ಆ ಚಿಕ್ಕದನ್ನು ಹುಡುಕುವ ಕೆಲಸವೇ.

ಈಗ ಆರು ತಿಂಗಳಿಗೊಮ್ಮೆ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ನಾಲ್ಕೂ ಚೀಲಕ್ಕೆ, ಗಾಳಿಯ ಪೈಪು ಸೇರುವ ಜಾಗಗಳಿಗೆ ಸಿಂಪಡಿಸುತ್ತೇನೆ. ಗುಳ್ಳೆ ಎದ್ದ ಕಡೆ ಸೋರಿಕೆ. ಇದರ ಜೊತೆಗೆ ಸಂಜೆ ಕಾರು ನಿಲ್ಲಿಸಿದಾಗ ನಾಲ್ಕೂ ಮೂಲೆಯ ಎತ್ತರವನ್ನು ಟೇಪ್ ಹಿಡಿದು ಅಳೆದು ಬರೆದಿಡುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮತ್ತೆ ಅಳೆಯುತ್ತೇನೆ. ಕಣ್ಣಿಗೆ ಗೊತ್ತಾಗದ ಇಳಿತ ಟೇಪಿಗೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಗಾಳಿಯ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ನುಗ್ಗಬೇಡಿ. ಅದು ಹೇಳದೆ ಕೇಳದೆ ಇಳಿಯಬಹುದು. ಜ್ಯಾಕ್ ಒಂದನ್ನೇ ನಂಬಬೇಡಿ, ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟೇ ಕೆಳಗೆ ಹೋಗಿ.

ಕೂಲಿಂಗ್‌ನಲ್ಲೂ ಇದೇ ಕಥೆ. ರೇಡಿಯೇಟರಿನ ಎರಡು ಬದಿಯ ಟ್ಯಾಂಕು, ಹೋಸ್ ಸೇರುವ ಮೂತಿ, ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ತುಂಬುವ ಡಬ್ಬಿ, ಇವೆಲ್ಲ ಪ್ಲಾಸ್ಟಿಕ್. ಬಿಸಿ ಆಗಿ ತಣ್ಣಗಾಗಿ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಮುರಿದ ಮೇಲೆ ಇಂಜಿನ್ ಕಾದು, ಅದರ ತಲೆಯ ಕೆಳಗಿರುವ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋದರೆ ಇಂಜಿನ್ನಿನ ತಲೆಯನ್ನೇ ಬಿಚ್ಚಬೇಕು. ನಾನು ಕಾರು ಕೊಂಡ ಮೊದಲ ವರ್ಷವೇ ರೇಡಿಯೇಟರ್, ಡಬ್ಬಿ, ಥರ್ಮೋಸ್ಟಾಟ್, ವಾಟರ್ ಪಂಪ್, ಎಲ್ಲಾ ಹೋಸ್‌ಗಳನ್ನು ಒಟ್ಟಿಗೇ ಬದಲಿಸಿದೆ. ಒಂದೂ ಸೋರುತ್ತಿರಲಿಲ್ಲ. ಸುಮ್ನೆ ದುಡ್ಡು ಹಾಳು ಅಂದವರಿದ್ದರು. ತೆಗೆದ ಮೇಲೆ ಹಳೇ ಮೂತಿಯನ್ನು ಕೈಯಲ್ಲಿ ಹಿಡಿದು ಒತ್ತಿದೆ, ಚೂರು ಚೂರಾಯಿತು. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಅಂತ ನಂಬಿ ಕೂರಬೇಡಿ. ಪ್ಲಾಸ್ಟಿಕ್ಕಿಗೂ ರಬ್ಬರಿಗೂ ವಯಸ್ಸು ಆಗುವುದು ಬರೀ ಓಡಿದ್ದಕ್ಕಲ್ಲ, ನಿಂತಲ್ಲೇ ನಿಂತರೂ ಆಗುತ್ತದೆ.

ನನ್ನನ್ನು ಜಾಸ್ತಿ ದಿನ ಕಾಡಿದ್ದು ಕರೆಂಟಿನ ತೊಂದರೆ. ಹೊಸ ತಂತ್ರಜ್ಞಾನ ಮೊದಲು ಬರುವುದು ದುಬಾರಿ ಕಾರುಗಳಿಗೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬ್ರೇಕನ್ನೇ ನೋಡಿ. ಇವತ್ತು ಸಣ್ಣ ಕಾರುಗಳಲ್ಲೂ ಇದೆ. ಬಾಷ್ ಕಂಪನಿ ಮಾಡಿದ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಬಂದಿದ್ದು ಮರ್ಸಿಡಿಸ್ ಎಸ್-ಕ್ಲಾಸ್‌ಗೆ. ಹಾಗಾಗಿ ಇಪ್ಪತ್ತೈದು ವರ್ಷದ ಲಕ್ಷುರಿ ಕಾರಿನಲ್ಲಿ ಆ ಕಾಲದ ಕಂಪ್ಯೂಟರುಗಳು ಸೀಟಿಗೊಂದು, ಬಾಗಿಲಿಗೊಂದು ಅನ್ನುವ ಹಾಗೆ ತುಂಬಿರುತ್ತವೆ. ಕಾರು ಲಾಕ್ ಮಾಡಿದ ಮೇಲೆ ಅವು ಒಂದೊಂದಾಗಿ ಮಲಗಬೇಕು. ಒಂದು ಎಚ್ಚರವಾಗಿ ಉಳಿದರೂ ಬ್ಯಾಟರಿ ಖಾಲಿ.

ಒಂದು ಮಳೆಗಾಲದಲ್ಲಿ ನನ್ನ ಕಾರಿನ ಬ್ಯಾಟರಿ ವಾರಕ್ಕೊಮ್ಮೆ ಇಳಿಯತೊಡಗಿತು. ಸ್ಟಾರ್ಟ್ ಆದ ದಿನವೂ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್, ಸಸ್ಪೆನ್ಷನ್, ಗೇರ್‌ಬಾಕ್ಸ್ ದೀಪಗಳು ಒಟ್ಟಿಗೇ ಹತ್ತಿಕೊಳ್ಳುತ್ತಿದ್ದವು. ಕಾರಿನ ಕಂಪ್ಯೂಟರುಗಳನ್ನು ಓದುವ ಸ್ಕ್ಯಾನರ್ ಹಾಕಿದರೆ ದೋಷ ಹೇಳುವ ಹನ್ನೆರಡು ಕೋಡು. ಅದನ್ನೇ ನಂಬಿದ್ದರೆ ಅರ್ಧ ಕಾರನ್ನು ಬದಲಿಸಬೇಕಿತ್ತು. ವೋಲ್ಟೇಜ್ ಕಡಿಮೆಯಾದಾಗ ಕಂಪ್ಯೂಟರುಗಳು ಇಲ್ಲದ ದೂರೆಲ್ಲ ಹೇಳುತ್ತವೆ. ಅದಕ್ಕೇ ನಾನು ಮೊದಲು ಬ್ಯಾಟರಿಗೆ ಮೀಟರ್ ಹಿಡಿಯುತ್ತೇನೆ. ಕಾರು ಕೆಲವು ಗಂಟೆ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ ಅಂತ. 12.2 ತೋರಿಸಿದರೆ ಹೆಚ್ಚುಕಡಿಮೆ ಅರ್ಧ. ನನ್ನದು 11.9 ತೋರಿಸಿತು. ಪೂರ್ತಿ ಚಾರ್ಜ್ ಮಾಡಿ ಕೋಡುಗಳನ್ನು ಅಳಿಸಿದ ಮೇಲೆ ಉಳಿದಿದ್ದು ಒಂದೇ ಒಂದು: ಡ್ರೈವರ್ ಪಕ್ಕದ ಸೀಟಿನ ಕಂಟ್ರೋಲ್ ಯೂನಿಟ್, ಅಂದರೆ ಆ ಸೀಟಿನ ಕಂಪ್ಯೂಟರ್.

ಆಮೇಲೆ ಕಾರು ನಿಂತಾಗ ಎಷ್ಟು ಕರೆಂಟು ಹೋಗುತ್ತಿದೆ ಅಂತ ಅಳೆದೆ. ಇದಕ್ಕೆ ತಾಳ್ಮೆ ಬೇಕು. ಬಾನೆಟ್ಟಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಕಾರು ಲಾಕ್ ಮಾಡಿ, ಮುಕ್ಕಾಲು ಗಂಟೆ ಕಾಯಬೇಕು. ಆಗಷ್ಟೇ ಎಲ್ಲಾ ಯೂನಿಟ್ಟುಗಳೂ ಮಲಗಿರುತ್ತವೆ. ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ನನ್ನದು 300 ಇತ್ತು. ಅಂದರೆ ದಿನಕ್ಕೆ ಏಳು ಆಂಪಿಯರ್-ಅವರ್‌ಗಿಂತ ಜಾಸ್ತಿ. 90 ಆಂಪಿಯರ್-ಅವರ್ ಬ್ಯಾಟರಿ ಒಂದು ವಾರದಲ್ಲಿ ಅರ್ಧಕ್ಕಿಂತ ಕೆಳಗೆ. ಲೆಕ್ಕ ಸರಿಹೊಂದಿತು. ಫ್ಯೂಸುಗಳನ್ನು ಕೀಳಲಿಲ್ಲ, ಕಿತ್ತು ಹಾಕಿದರೆ ಮಲಗಿದ ಯೂನಿಟ್ಟು ಮತ್ತೆ ಎದ್ದುಬಿಡುತ್ತದೆ. ಪ್ರತಿ ಫ್ಯೂಸಿನ ತಲೆಯ ಮೇಲಿರುವ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯುತ್ತಾ ಹೋದೆ. ಸೀಟಿನ ಫ್ಯೂಸಿನಲ್ಲಿ ಮಿಲಿವೋಲ್ಟ್ ಕಾಣಿಸಿತು, ಅಂದರೆ ಅಲ್ಲಿ ಕರೆಂಟು ಹರಿಯುತ್ತಿತ್ತು.

ಸೀಟು ಬಿಚ್ಚುವ ಮೊದಲು ಬ್ಯಾಟರಿ ಕಳಚಿದೆ. ಅಲ್ಲಿ ಏರ್‌ಬ್ಯಾಗಿನ ವೈರು ಇರುತ್ತದೆ, ಆತುರ ಬೇಡ. ಕಾರ್ಪೆಟ್ ಎತ್ತಿದರೆ ಕೆಳಗಿನ ಸ್ಪಂಜು ನೀರು ಕುಡಿದು ಊದಿತ್ತು. ಮೇಲಿಂದ ಮುಟ್ಟಿದರೆ ಕಾರ್ಪೆಟ್ ಪೂರ್ತಿ ಒಣಗಿತ್ತು! ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ನೀರು ಬಂದಿದ್ದು ಎಲ್ಲಿಂದ? ಸನ್‌ರೂಫಿನಿಂದ. ಸನ್‌ರೂಫಿನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ಬಂದ ನೀರು ಮೂಲೆಗಳಲ್ಲಿರುವ ಸಣ್ಣ ಕೊಳವೆಗಳಿಂದ ಇಳಿದು ಕಾರಿನ ಕೆಳಗೆ ಹೋಗಬೇಕು. ಒಂದು ಕೊಳವೆಯಲ್ಲಿ ಕೊಳೆತ ಎಲೆ, ಮಣ್ಣು ಸೇರಿ ಗಟ್ಟಿಯಾಗಿತ್ತು. ಕಟ್ಟಿಕೊಂಡ ಒಂದು ಕೊಳವೆಯಿಂದ ಹನ್ನೆರಡು ಕೋಡು.

ಕೊಳವೆ ಬಿಡಿಸಲು ಮೀನು ಹಿಡಿಯುವ ದಪ್ಪ ನೈಲಾನ್ ದಾರ ಸಾಕು. ಮೆಲ್ಲಗೆ ತೂರಿಸಿ ಹಿಂದೆ ಮುಂದೆ ಆಡಿಸಬೇಕು. ಜೋರಾಗಿ ಗಾಳಿ ಹೊಡೆಯಬೇಡಿ, ಒಳಗೆಲ್ಲೋ ಜಾಯಿಂಟು ಕಳಚಿದರೆ ಛಾವಣಿಯನ್ನೇ ಬಿಚ್ಚಬೇಕಾಗುತ್ತದೆ. ಆಮೇಲೆ ಒಂದು ಲೋಟ ನೀರು ಹಾಕಿ, ಅದು ಕೆಳಗೆ ಬೀಳುವುದನ್ನು ಕಣ್ಣಾರೆ ನೋಡಿ. ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಬ್ರಷ್ಷಿನಿಂದ ಉಜ್ಜಿದೆ. ಸ್ಪಂಜನ್ನು ಕತ್ತರಿಸಿ ತೆಗೆದು ಹೊಸದು ಹಾಕಿದೆ, ಯಾಕೆಂದರೆ ಅದು ವಾರ ಕಳೆದರೂ ಒಣಗುವ ಲಕ್ಷಣ ಇರಲಿಲ್ಲ. ಯೂನಿಟ್ಟು ಅದೇ ಹಳೆಯದು, ಇವತ್ತಿಗೂ ಕೆಲಸ ಮಾಡುತ್ತಿದೆ. ಈಗ ನಿಂತಾಗ ಹೋಗುವ ಕರೆಂಟು 30 ಮಿಲಿಆಂಪಿಯರ್. ಆ ಅಂಕಿ ಮೀಟರಿನಲ್ಲಿ ಬಂದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ.

ಗೇರ್‌ಬಾಕ್ಸ್ ಬಗ್ಗೆ ಒಂದೇ ಮಾತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಜೀವಮಾನಪೂರ್ತಿ ಬರುತ್ತದೆ ಎಂಬ ಮಾತನ್ನು ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 120,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆಯಿಲ್ ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಕನಿಷ್ಠ ಮಟ್ಟ 155. ಎರಡು ಟನ್ ಹತ್ತಿರದ ಕಾರನ್ನು ಘಾಟಿಯ ಇಳಿಜಾರಿನಲ್ಲಿ ನಿಲ್ಲಿಸುವಾಗ ಈ ವ್ಯತ್ಯಾಸ ಸಣ್ಣದಲ್ಲ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಯನ್ನೂ ಓದಿ: 2319 ಅಂದರೆ 2019ರ 23ನೇ ವಾರ. ಕಡಿಮೆ ಓಡುವ ಕಾರಿನಲ್ಲಿ ಟೈರಿನ ಹಲ್ಲು ಚೆನ್ನಾಗಿಯೇ ಇರುತ್ತದೆ, ರಬ್ಬರು ಮಾತ್ರ ಒಳಗೊಳಗೇ ಗಟ್ಟಿಯಾಗಿರುತ್ತದೆ.

ಪಾರ್ಟು ತರಿಸುವಾಗ ನಾನು ಹೆಸರು ಹೇಳುವುದಿಲ್ಲ, ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸುತ್ತೇನೆ. ಒಂದೇ ಮಾದರಿಯಲ್ಲಿ ವರ್ಷದ ಮಧ್ಯೆ ಪಾರ್ಟು ಬದಲಾಗಿರುತ್ತದೆ. ಸೆನ್ಸರು, ರಬ್ಬರು, ಸೀಲುಗಳನ್ನು ಹೊಸದೇ ಹಾಕುತ್ತೇನೆ. ಗಾಜು, ಬಾಗಿಲಿನ ಹಿಡಿ, ಮರದ ಪಟ್ಟಿ, ಇಂಥವು ಹಳೇ ಕಾರಿನಿಂದ ಬಿಚ್ಚಿದ್ದಾದರೂ ಪರವಾಗಿಲ್ಲ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ತಾರೀಕು, ಕಿಲೋಮೀಟರ್, ಪಾರ್ಟ್ ನಂಬರ್ ಎಲ್ಲಾ ಬರೆದಿಟ್ಟಿದ್ದೇನೆ. ಈಗ ಎರಡನೇ ಪುಸ್ತಕ ನಡೆಯುತ್ತಿದೆ.

ಕಳೆದ ವಾರ ಹಿಂದಿನ ಬಲಮೂಲೆ ರಾತ್ರಿಯಲ್ಲಿ ನಾಲ್ಕು ಮಿಲಿಮೀಟರ್ ಇಳಿದಿದ್ದನ್ನು ಬರೆದುಕೊಂಡೆ. ಚೀಲದಲ್ಲಿ ಗುಳ್ಳೆ ಬರಲಿಲ್ಲ, ಪೈಪು ಸೇರುವ ಜಾಗದಲ್ಲಿ ಸಣ್ಣಗೆ ಬಂತು. ಬಹುಶಃ ಓ-ರಿಂಗ್, ಅಂದರೆ ಸೀಲು ಮಾಡುವ ರಬ್ಬರಿನ ಬಳೆ. ತರಿಸಿದ್ದೇನೆ, ಭಾನುವಾರ ಬೆಳಿಗ್ಗೆ ಹಾಕಬೇಕು.