ಮನೆಯಲ್ಲೇ ಮಾಡಿಕೊಂಡ ಖನಿಜ ಬಿಲ್ಲೆ: ನನ್ನ ಅನುಭವ

ಬೆಂಗಳೂರಿನ ಉತ್ತರದಂಚಿನ ನಮ್ಮ ಊರಿನಲ್ಲಿ ಗೋಮಾಳದ ಜಾಗಕ್ಕೆ ಬಡಾವಣೆ ಬಂದ ಮೇಲೆ ಹಸುಗಳು ಹೊರಗೆ ಮೇಯುವುದು ನಿಂತಿದ್ದು, ಅವನ್ನು ಕೊಟ್ಟಿಗೆಯಲ್ಲೇ ಕಟ್ಟಿ ರಾಗಿ ಹುಲ್ಲು ಮತ್ತು ನೇಪಿಯರ್ ಎಂಬ ಹಸಿಮೇವಿನ ಮೇಲೆ ಸಾಕುತ್ತಿದ್ದೇವೆ. ಒಣಹುಲ್ಲಿನಲ್ಲಿ ರಂಜಕ ಕಡಿಮೆ. ಅದರ ಕೊರತೆಯಾದ ಹಸು ಗೋಡೆ ನೆಕ್ಕುತ್ತದೆ, ಹಗ್ಗ, ಬಟ್ಟೆ ಅಗಿಯುತ್ತದೆ, ಬೆದೆಗೆ ಬರುವುದೂ ತಡವಾಗುತ್ತದೆ. ರಂಜಕ ಮೊದಲಾದ ಲವಣಗಳಿರುವ ಖನಿಜ ಮಿಶ್ರಣವನ್ನು ಅಳೆದು ಹಿಂಡಿಯಲ್ಲಿ ಕಲಸಿ ಕೊಡುವುದೇ ನಿಖರವಾದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಾಲು ಬತ್ತಿದ ಹಸುಗಳಿಗೂ ಇನ್ನೂ ಕರು ಹಾಕದ ಪಡ್ಡೆಗಳಿಗೂ ನಾವು ದಿನವೂ ಹಿಂಡಿ ಇಡುವುದಿಲ್ಲವಾದ್ದರಿಂದ ಅವುಗಳಿಗಾಗಿ ನೆಕ್ಕುವ ಬಿಲ್ಲೆ ಮಾಡತೊಡಗಿದೆ.

10 ಕಿಲೋ ಮಿಶ್ರಣಕ್ಕೆ ನಾನು ಬಳಸುವುದು 4 ಕಿಲೋ ಬೆಲ್ಲದ ಗಟ್ಟಿ ಪಾಕ, ಎರಡೂವರೆ ಕಿಲೋ ಗೋಧಿ ಬೂಸಾ, ಒಂದೂವರೆ ಕಿಲೋ ಖನಿಜ ಮಿಶ್ರಣ, ತಲಾ 1 ಕಿಲೋ ಉಪ್ಪು ಮತ್ತು ಸಿಮೆಂಟ್. ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಕಪ್ಪು ಪಾಕವಾದ ಕಾಕಂಬಿಯೇ ರೂಢಿಯ ಪದಾರ್ಥವಾದರೂ ಅದು ಅಬಕಾರಿ ಇಲಾಖೆಯ ನಿಯಂತ್ರಣದಲ್ಲಿರುವುದರಿಂದ ಚಿಲ್ಲರೆಯಾಗಿ ತರುವುದು ರಗಳೆ. ಕಪ್ಪು ಬೆಲ್ಲ ಸಾಕು. ಸಿಮೆಂಟ್ ಎಂದೊಡನೆ ಹುಬ್ಬೇರಿಸುವವರಿದ್ದಾರೆ. ದೊಡ್ಡ ಹಸು ದಿನಕ್ಕೆ 300 ಗ್ರಾಂ ನೆಕ್ಕಿದರೆ ಅದರ ಹೊಟ್ಟೆಗೆ ಸೇರುವ ಸಿಮೆಂಟ್ 30 ಗ್ರಾಂ, ಖನಿಜ ಮಿಶ್ರಣ 45 ಗ್ರಾಂ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ವಿವರಿಸಿರುವ ವಿಧಾನದಲ್ಲೂ ಗಟ್ಟಿಗೊಳಿಸುವುದಕ್ಕೆ ಸಿಮೆಂಟ್ ಅಥವಾ ಸುಟ್ಟ ಸುಣ್ಣವೇ ಬಳಕೆಯಲ್ಲಿದೆ.

ಕಲಸುವ ಅನುಕ್ರಮ ಮುಖ್ಯ. ಉಗುರುಬೆಚ್ಚಗಿನ ಪಾಕಕ್ಕೆ ಮೊದಲು ಉಪ್ಪು, ಬಳಿಕ ಖನಿಜ ಮಿಶ್ರಣ, ಆಮೇಲೆ 400 ಮಿಲಿಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕಲಸಿಟ್ಟ ಸಿಮೆಂಟ್, ಕೊನೆಗೆ ಬೂಸಾ. ಸಿಮೆಂಟ್ ಚರ್ಮವನ್ನು ಸುಡುವುದರಿಂದ ರಬ್ಬರ್ ಕೈಗವಸು ಬೇಕೇ ಬೇಕು. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಸುಕಿದಾಗ ಬೆರಳ ಸಂದಿನಿಂದ ಪಾಕ ಜಿನುಗದೆ, ಕೈ ಬಿಚ್ಚಿದರೂ ರಾಗಿ ಮುದ್ದೆಯಂತೆ ಆಕಾರ ಹಿಡಿದು ನಿಂತರೆ ಹದ ಬಂದಿದೆಯೆಂದು ತಿಳಿಯಬೇಕು. ಜಿನುಗಿದರೆ ಇನ್ನೊಂದು ಹಿಡಿ ಬೂಸಾ ಸೇರಿಸುತ್ತೇನೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹಳೆಯ ಡಬ್ಬದೊಳಗೆ ತೆಳುಪದರಗಳಲ್ಲಿ ತುಂಬಿ ಮರದ ತುಂಡಿನಿಂದ ಕುಟ್ಟಿ, ಮರುದಿನ ಹೊರತೆಗೆದು, ಗಾಳಿಯಾಡುವ ನೆರಳಿನಲ್ಲಿ ಒಣಗಿಸುತ್ತೇನೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೂ ಗುಳಿ ಬೀಳಬಾರದು, ಏಕೆಂದರೆ ಮೆತ್ತಗಿನ ಬಿಲ್ಲೆಯನ್ನು ಹಸು ನೆಕ್ಕುವ ಬದಲು ಕಚ್ಚಿ ತಿನ್ನುತ್ತದೆ. ಕಲ್ಲಾದ ಬಿಲ್ಲೆಯೂ ದಂಡವೇ. ಹಸು ಒಂದೆರಡು ಸಲ ನಾಲಿಗೆಯಾಡಿಸಿ ಮುಖ ತಿರುಗಿಸುತ್ತದೆ.

ಪೇಟೆಯ ಬಿಲ್ಲೆಗಳಲ್ಲಿ ಯೂರಿಯಾ ಇರುವುದುಂಟು. ನಾನು ಅದನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಮ್ಮ ಗೋದಲಿಗೆ ಕರುಗಳೂ ಬಾಯಿ ಹಾಕುತ್ತವೆ, ಮೆಲುಕು ಚೀಲ ಬೆಳೆಯದ ಎಳೆ ಕರುವಿಗೆ ಯೂರಿಯಾ ವಿಷ. ಕುರಿ ಸಾಕುವವರು ಇನ್ನೊಂದು ವಿಷಯವನ್ನು ಗಮನಿಸಬೇಕು: ಹಸುವಿಗೆಂದು ಮಾಡಿದ ಖನಿಜ ಮಿಶ್ರಣದಲ್ಲಿರುವ ತಾಮ್ರವನ್ನು ಕುರಿ ತಾಳಿಕೊಳ್ಳಲಾರದು.

ಬಿಲ್ಲೆ ಇಟ್ಟ ಮೇಲೆ ಹಸು ನೀರು ಹೆಚ್ಚು ಕುಡಿಯುವುದರಿಂದ ತೊಟ್ಟಿ ಬರಿದಾಗದಂತೆ ನೋಡಿಕೊಳ್ಳುತ್ತೇನೆ. ಮಳೆಯ ಎರಚಲು ತಾಗುವ ಕಡೆ ಬಿಲ್ಲೆ ಕರಗಿ ಅಂಟಾಗುತ್ತದೆ, ಆದುದರಿಂದ ಅದರ ಜಾಗ ಗೋದಲಿಯ ಒಳತುದಿ.